ಜಾಲಿ ಕಂಟಿಯ ಸೀಮೆಗೆ ದೊಡ್ಡ ಚಾಕು ಆರಿಸುವುದು: ನನ್ನ ಅನುಭವ

ಕಲಬುರಗಿ, ಯಾದಗಿರಿ ಕಡೆ ಹೊಲದ ಬದು, ಹಳ್ಳದ ದಂಡೆ, ಕೆರೆಯ ಹಿಂಭಾಗ ಎಲ್ಲಿ ಹೋದರೂ ಹಾದಿಗೆ ಅಡ್ಡ ಬರುವುದು ಬಳ್ಳಾರಿ ಜಾಲಿ. ಹಸಿ ಟೊಂಗೆ ಸಲೀಸಾಗಿ ಕಡಿಯುತ್ತದೆ. ಒಣಗಿದ ಗಂಟು ಅಲಗಿನ ಬಾಯಿಯನ್ನೇ ಮುರಿಯುತ್ತದೆ. ಮುಳ್ಳು ಕೈಗೆ ತಾಗದಷ್ಟು ದೂರದಿಂದ ಕಡಿಯಬೇಕು, ಒಲೆಗೆ ಕಟ್ಟಿಗೆ ಸೀಳಬೇಕು, ಅದೇ ಚಾಕುವಿನಿಂದ ಉಳ್ಳಾಗಡ್ಡಿಯನ್ನೂ ಹೆಚ್ಚಬೇಕು. ಇಷ್ಟಕ್ಕೂ ಒಂದೇ ಚಾಕು ಬೇಕೆಂದರೆ ನಾನು ಮೊದಲು ನೋಡುವುದು ಉಕ್ಕಿನ ಹದ, ಆಮೇಲೆ ಹಿಡಿ, ಕೊನೆಗೆ ಆಕಾರ. ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದು ಆಕಾರದ ಮೇಲೆಯೇ, ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಅಲಗಿನ ಉದ್ದ 20 ಸೆಂ.ಮೀ., ಅಗಲ 4 ಸೆಂ.ಮೀ. ಸಾಕು. 2016ರ ಆಯುಧ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವಕ್ಕೆ ವಿನಾಯಿತಿ ಉಂಟು, ಆದರೆ ತಿರುಗಾಟದ ಚಾಕುವಿಗೆ ಆ ವಾದ ಹೂಡುವ ಪ್ರಮೇಯವೇ ಬರಬಾರದು. ಚಿಂಚೋಳಿ ವನ್ಯಜೀವಿಧಾಮಕ್ಕೆ ಹೊರಟರೆ ಚಾಕು ಮನೆಯಲ್ಲೇ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಾಕುವೂ ಆಯುಧವೇ. ಲಿಖಿತ ಅನುಮತಿ ಇಲ್ಲದೆ ಒಳಗೆ ಒಯ್ಯುವಂತಿಲ್ಲ.

ಬೆನ್ನಿನ ದಪ್ಪ ಹಿಡಿಯ ಹತ್ತಿರ 5 ಮಿ.ಮೀ. ಇದ್ದು, ತುದಿಯ ಕಡೆ 3ಕ್ಕೆ ಇಳಿಯಬೇಕು. 6 ದಾಟಿದರೆ ಕಟ್ಟಿಗೆ ಸೀಳಲು ಚೆನ್ನ, ಆದರೆ ತರಕಾರಿ ಹೆಚ್ಚುವ ಬದಲು ಒಡೆಯುತ್ತದೆ, ಮಣಿಕಟ್ಟೂ ಬೇಗ ಸೋಲುತ್ತದೆ. ಬೀದರ್ ಕಡೆ ಕಬ್ಬು ಕಡಿಯುವ ಕೊಯ್ತಾ ತೆಳುವಾದದ್ದು. ಕಬ್ಬಿಗೆ, ಜೋಳದ ಕಣಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಣ ಜಾಲಿಯಲ್ಲಿ ಸಿಕ್ಕಿಕೊಂಡರೆ ಮಾತ್ರ ಬಾಯಿ ತಿರುಚಿಕೊಳ್ಳುತ್ತದೆ.

ನಾನು ಕಂಬಾರರಿಂದಲೇ ಮಾಡಿಸುವುದು, ಲಾರಿಯ ಕಮಾನ್ ಪಟ್ಟಿಯಿಂದ (ಲೀಫ್ ಸ್ಪ್ರಿಂಗ್). ಹಳೆಯ ಪಟ್ಟಿಯ ನಡುಭಾಗ ಬೇಡ. ನಟ್ಟಿನ ತೂತಿನ ಸುತ್ತ ಅತಿ ಹೆಚ್ಚು ಒತ್ತಡ ಬಿದ್ದಿರುತ್ತದೆ, ಕಣ್ಣಿಗೆ ಕಾಣದ ಬಿರುಕು ಅಲ್ಲೇ ಹುಟ್ಟುತ್ತದೆ. ತುದಿಯ ತುಂಡನ್ನು ಉಜ್ಜಿ ಬೆಳ್ಳಗೆ ಮಾಡಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಮೇಲೆ ಚಾಕ್‌ಪೀಸ್ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಪುಡಿಯಲ್ಲಿ ಕೂದಲೆಳೆಯಂಥ ಗೆರೆಯಾಗಿ ಮೂಡುತ್ತದೆ. ಆ ತುಂಡನ್ನು ಬಿಟ್ಟು ಬೇರೆಯದನ್ನು ಹುಡುಕಬೇಕು.

ಹದ ಹಾಕುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ಕುಲುಮೆಯಲ್ಲಿ ಅಲಗು ಅಯಸ್ಕಾಂತಕ್ಕೆ ಅಂಟದಷ್ಟು ಕಾದ ಮೇಲೆ ಇನ್ನೂ ತುಸು ಕೆಂಪೇರಬೇಕು. ನಂತರ ಅದ್ದುವುದು ಉಗುರು ಬಿಸಿಗಿಂತ ಕೊಂಚ ಹೆಚ್ಚು ಕಾಯಿಸಿದ ಎಣ್ಣೆಯಲ್ಲಿ, ನೆಟ್ಟಗೆ. ಓರೆಯಾಗಿ ಅದ್ದಿದರೆ ಅಲಗು ಸೊಟ್ಟಗಾಗುತ್ತದೆ. ನೀರಿಗೆ ಬೇಡವೇ ಬೇಡ. ಕುಡಗೋಲಿನ ಮೆತ್ತನೆಯ ಕಬ್ಬಿಣ ನೀರನ್ನು ತಡೆದೀತು, ಕಮಾನ್ ಪಟ್ಟಿಯ ಉಕ್ಕು ಬಿರಿಯುತ್ತದೆ. ಎಣ್ಣೆಯಿಂದ ಬಂದ ಅಲಗು ಗಾಜಿನಷ್ಟು ಪೆಡಸು. ಅದೇ ದಿನ ಮನೆಯ ಓವನ್‌ನಲ್ಲಿ 210 ಡಿಗ್ರಿ ಸೆಲ್ಸಿಯಸ್ ಹತ್ತಿರ, ಎರಡೆರಡು ತಾಸಿನಂತೆ ಎರಡು ಸಲ ಕಾಯಿಸಿ ಆರಿಸಿದರೆ ಆ ಪೆಡಸುತನ ಇಳಿದು ಗಟ್ಟಿತನ ಉಳಿಯುತ್ತದೆ. ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬಂದರೆ ಸರಿಯಾಗಿದೆ. ಬಾಯಿ ನೀಲಿಗೆ ತಿರುಗಿದರೆ ಮೆತ್ತಗಾಯಿತು, ಮತ್ತೆ ಮೊದಲಿಂದ.

ಸಿದ್ಧ ಚಾಕು ಕೊಳ್ಳುವವರಿಗೂ ಹದ ತಿಳಿಯುವ ದಾರಿ ಇದೆ. 6 ಮಿ.ಮೀ. ಹಿತ್ತಾಳೆ ಸರಳನ್ನು ಬೆಂಚ್ ವೈಸ್‌ನಲ್ಲಿ ಕಚ್ಚಿಸಿ, ಹರಿತ ಮಾಡಿದ ಬಾಯಿಯನ್ನು ಸುಮಾರು 15 ಡಿಗ್ರಿ ಓರೆಯಲ್ಲಿ ಅದರ ಮೇಲೆ ಒತ್ತಿ ಎಳೆಯಬೇಕು. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಸರಳಿನ ಮೇಲೆ ಚೂರೇ ಬಾಗುವುದು ಕಾಣುತ್ತದೆ. ಬಾಗಿದ್ದು ತಾನಾಗಿ ನೆಟ್ಟಗಾದರೆ ಹದ ಕೂತಿದೆ. ಬಾಗಿದಂತೆಯೇ ಉಳಿದರೆ ಮೆತ್ತಗೆ, ಚೂರು ಹಾರಿದರೆ ಅತಿ ಗಟ್ಟಿ. ಅಂಗಡಿಯವರು ಒಪ್ಪದಿದ್ದರೆ ಮನೆಗೆ ತಂದ ದಿನವೇ ಮಾಡಿ ನೋಡಬಹುದು.

ಹಿಡಿಯ ವಿಷಯದಲ್ಲಿ ನನ್ನದು ಒಂದೇ ಹಟ: ಅಲಗಿನ ಉಕ್ಕು ಪೂರ್ಣ ಅಗಲದಲ್ಲಿ ಹಿಡಿಯ ಕೊನೆಯವರೆಗೂ ಬರಬೇಕು. ಕುಡಗೋಲಿನಂತೆ ಮರಕ್ಕೆ ಚುಚ್ಚಿದ ಮೊನೆಯ ಹಿಡಿ ನಮ್ಮ ಬೇಸಿಗೆಗೆ ತಾಳುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ದಾಟಿದಾಗ ಮರ ಒಣಗಿ ಕುಗ್ಗಿ ಸಡಿಲವಾಗುತ್ತದೆ. ಬೀಸುವಾಗ ಅಲಗು ಹಾರಿದರೆ ಎದುರಿಗಿದ್ದವರ ಗತಿ ಏನು? ಅಲಗು ಹಿಡಿಯನ್ನು ಸೇರುವಲ್ಲಿ ಚೂಪು ಮೂಲೆ ಇರದೆ ದುಂಡಗಿರಬೇಕು, ಚಾಕು ಮುರಿಯುವುದು ಆ ಮೂಲೆಯಿಂದ. ಎರಡೂ ಬದಿಗೆ ಕರಿಜಾಲಿ ಚಕ್ಕೆ, ಅರಾಲ್ಡೈಟ್, 6 ಮಿ.ಮೀ. ಹಿತ್ತಾಳೆಯ ಮೂರು ರಿವೆಟ್. ಉದ್ದ 13 ಸೆಂ.ಮೀ., ಅಡ್ಡಕೊಯ್ತ ಮೊಟ್ಟೆಯಾಕಾರ. ಪೂರ್ತಿ ದುಂಡಗಿದ್ದರೆ ಬೆವರಿದ ಕೈಯಲ್ಲಿ ತಿರುಗುತ್ತದೆ.

ವಾರ್ನಿಷ್ ಜಾರುತ್ತದೆ, ಅದಕ್ಕೇ ಹಿಡಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಣಗಲು ದಿನಗಟ್ಟಲೆ ಬಿಟ್ಟು ಹಲವು ಸಲ ಸವರುತ್ತೇನೆ. ಅಲಗಿಗೆ ಮಾತ್ರ ಅಗಸೆಯೂ ಬೇಡ, ಮನೆಯಲ್ಲಿರುವ ಕುಸುಬೆಯೂ ಬೇಡ. ಎರಡೂ ಗಾಳಿಗೆ ಒಣಗಿ ಅಂಟಾಗುವ ಎಣ್ಣೆಗಳು: ಮರಕ್ಕೆ ಅದೇ ಗುಣ, ಉಕ್ಕಿಗೆ ಅದೇ ದೋಷ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು.

ಹರಿತಕ್ಕೆ ಎರಡು ಮುಖದ ಸಾಣೆಕಲ್ಲು. 4 ಸೆಂ.ಮೀ. ಅಗಲದ ಅಲಗಿನ ಬೆನ್ನಿನ ನಡುವು ಕಲ್ಲಿನಿಂದ 14 ಮಿ.ಮೀ. ಎತ್ತರದಲ್ಲಿದ್ದರೆ ಒಂದೊಂದು ಬದಿಗೆ 20 ಡಿಗ್ರಿ ಸಿಗುತ್ತದೆ. ಜಾಲಿಯೇ ಹೆಚ್ಚು ಕಡಿಯುವವರು ಎತ್ತರವನ್ನು 16 ಮಿ.ಮೀ.ಗೆ ಏರಿಸಬೇಕು. ತಿರುಗುವ ಒಣ ಸಾಣೆಚಕ್ರಕ್ಕೆ ಕೊಡುವುದಿಲ್ಲ, ಕಿಡಿ ಹಾರುವಷ್ಟು ಒತ್ತಿ ಹಿಡಿದರೆ ತೆಳು ಬಾಯಿ ಕ್ಷಣದಲ್ಲೇ ಕಾದು ಹದ ಕಳೆದುಕೊಳ್ಳುತ್ತದೆ. ಸೀಳುವಾಗ ಬೆನ್ನಿಗೆ ಹೊಡೆಯುವುದು ಮರದ ಕೊರಡಿನಿಂದ ಮಾತ್ರ. ಕಲ್ಲು, ಸುತ್ತಿಗೆ ಕೂಡದು.

ಒರೆ ದಪ್ಪ ಚರ್ಮದ್ದು, ಬಾಯಿಯ ಕಡೆ ಹೊಲಿಗೆಯ ಒಳಗೆ ಇನ್ನೊಂದು ಚರ್ಮದ ಪಟ್ಟಿ ಇಟ್ಟಿರಬೇಕು. ಇಲ್ಲವಾದರೆ ಅಲಗು ಹೊಲಿಗೆಯನ್ನೇ ಕೊಯ್ದು ತೊಡೆಗೆ ಬರುತ್ತದೆ. ಚರ್ಮ ತೇವ ಹೀರಿ ಹಿಡಿದಿಡುವುದರಿಂದ ಮಳೆಗಾಲದಲ್ಲಿ ಚಾಕುವನ್ನು ಒರೆಯಿಂದ ತೆಗೆದು, ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಬೇರೆಯೇ ಇಡುತ್ತೇನೆ.