ಫೋಟೋ ಕದ್ದವರಿಗೆ ಬೈಗುಳ ಬೇಡ, ಬಿಲ್ ಕಳಿಸಿ

ನಮ್ಮ ಫೋಟೋವನ್ನು ಯಾರೋ ಕೇಳದೆ ಬಳಸಿಕೊಂಡಿದ್ದು ಕಣ್ಣಿಗೆ ಬಿದ್ದರೆ ಮೊದಲು ಬರುವುದು ಸಿಟ್ಟು. ಆ ಸಿಟ್ಟಿನಲ್ಲೇ ಫೇಸ್‌ಬುಕ್‌ಗೆ ಹೋಗಿ ‘ನೋಡಿ, ಇವರು ಕಳ್ಳರು’ ಅಂತ ಬರೆಯುತ್ತೇವೆ. ಪರಿಚಯದವರೆಲ್ಲ ಅಯ್ಯೋ ಅನ್ನುತ್ತಾರೆ. ಅಷ್ಟರಲ್ಲಿ ಕದ್ದವರು ಫೋಟೋ ತೆಗೆದುಹಾಕಿ ಸುಮ್ಮನಾಗಿರುತ್ತಾರೆ. ಸಾಕ್ಷಿಯೂ ಇಲ್ಲ, ದುಡ್ಡೂ ಇಲ್ಲ. ನಾನು ಅಡುಗೆ, ತಿಂಡಿಗಳ ಫೋಟೋ ತೆಗೆಯುವವಳು. ಹೋಟೆಲಿನ ಮೆನು, ಪತ್ರಿಕೆ, ಮಸಾಲೆ ಪುಡಿಯ ಪೊಟ್ಟಣ ಹೀಗೆ ಎಲ್ಲೆಲ್ಲಿಗೋ ಮಾರುತ್ತೇನೆ. ಮನೆ ಖರ್ಚಿನಲ್ಲಿ ಒಂದು ಪಾಲು ಅದರಿಂದಲೇ ಬರುತ್ತದೆ. ಹಾಗಾಗಿ ಕದ್ದ ಫೋಟೋ ಅಂದರೆ ನನಗೆ ಬಾಕಿ ವಸೂಲಿಯ ಕೆಲಸ. ಅದನ್ನು ಹೇಗೆ ಮಾಡುತ್ತೇನೆ ಅಂತ ಒಂದು ಪ್ರಕರಣ ಹಿಡಿದುಕೊಂಡು ಹೇಳುತ್ತೇನೆ.

ಅದು ತೊಡೆದೇವಿನ ಫೋಟೋ. ಸಿರಸಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಆಲೆಮನೆ ಕಾಲದಲ್ಲಿ ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕಣ್ಣು ಮಿಟುಕಿಸುವುದರಲ್ಲಿ ಅಂಚು ಎದ್ದು ಬರುತ್ತದೆ. ಆಗಲೇ ಎತ್ತಿ ಮಡಚಬೇಕು, ತಡ ಮಾಡಿದರೆ ಮುರಿಯುತ್ತದೆ. ಆಯಿ, ಅಂದರೆ ನನ್ನ ಅಮ್ಮ, ಆ ಅಂಚಿಗೆ ಬೆರಳು ಹಾಕುವ ಗಳಿಗೆಯನ್ನೇ ನಾನು ಹಿಡಿದಿದ್ದೆ. ಹಬೆ, ಎರಡು ಹಸಿರು ಬಳೆ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ, ಪಕ್ಕದಲ್ಲಿ ಹಿಟ್ಟಿನ ಹಿತ್ತಾಳೆ ಬೋಗುಣಿ. ನೆಟ್‌ಗೆ ಹಾಕಿ ಕೆಲವು ವರ್ಷವಾದ ಮೇಲೆ ಸೋದರಮಾವನ ಮಗಳು ವಾಟ್ಸಾಪ್‌ನಲ್ಲಿ ಒಂದು ತಿಂಡಿ ಡಬ್ಬಿಯ ಚಿತ್ರ ಕಳಿಸಿದಳು. ಕೆಳಗೆ ಒಂದೇ ಸಾಲು: ‘ಇದು ಅತ್ತೆ ಕೈ ಅಲ್ದನೇ?’

ಅತ್ತೆ ಕೈಯೇ. ಬೆಂಗಳೂರಿನಲ್ಲಿ ಮಲೆನಾಡಿನ ತಿಂಡಿ ಮಾರುವ ಒಂದು ಅಂಗಡಿ ಅದನ್ನು ಡಬ್ಬಿಯ ಮುಚ್ಚಳದ ಮೇಲೆ ಅಚ್ಚು ಹಾಕಿಸಿತ್ತು. ಆನ್‌ಲೈನ್ ಮಾರಾಟದಲ್ಲೂ ಅದೇ, ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲೂ ಅದೇ. ಕೆಳಗಿನ ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. ಆದರೆ ಬೋಗುಣಿಯ ಅಂಚಿನಲ್ಲಿ ಅಜ್ಜಿಯ ಹೆಸರಿನ ಅಕ್ಷರಗಳು ಹಾಗೇ ಉಳಿದಿದ್ದವು. ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಗೆಲ್ಲ ಹೆಸರು ಕೆತ್ತಿಸುವುದು ರೂಢಿ ಅಲ್ವಾ? ನನ್ನ ವಾಟರ್‌ಮಾರ್ಕ್‌ಗಿಂತ ಅಜ್ಜಿಯ ಕೆತ್ತನೆಯೇ ಗಟ್ಟಿಯಾಗಿತ್ತು.

ಇಂಥ ಹೊತ್ತಿನಲ್ಲಿ ನಾನು ಅಂಗಡಿಯವರಿಗೆ ಫೋನ್ ಮಾಡುವುದಿಲ್ಲ. ಮೊದಲು ಸಾಕ್ಷಿ ಕೂಡಿಹಾಕುತ್ತೇನೆ. ಪುಟದ ಪೂರ್ತಿ ಸ್ಕ್ರೀನ್‌ಶಾಟ್, ಅದರಲ್ಲಿ ವಿಳಾಸ ಮತ್ತು ದಿನಾಂಕ ಕಾಣಬೇಕು. ಅದೇ ಪುಟವನ್ನು ವೇಬ್ಯಾಕ್ ಮೆಷಿನ್‌ನಲ್ಲೂ, ಅಂದರೆ ವೆಬ್ ಪುಟಗಳ ಪ್ರತಿಯನ್ನು ದಿನಾಂಕದ ಸಮೇತ ಕಾಪಿಡುವ ತಾಣದಲ್ಲೂ, ಉಳಿಸುತ್ತೇನೆ. ಸ್ಕ್ರೀನ್‌ಶಾಟನ್ನು ನಾನೇ ತಿದ್ದಿದ್ದೇನೆ ಅಂತ ಯಾರಾದರೂ ಹೇಳಬಹುದು, ಮೂರನೆಯವರ ಬಳಿ ಉಳಿದ ಪ್ರತಿಗೆ ಹಾಗೆ ಹೇಳುವುದು ಕಷ್ಟ. ಆಮೇಲೆ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಆ ಫೋಟೋ ಹಾಕಿ ಹುಡುಕುತ್ತೇನೆ. ಒಂದು ಕಡೆ ಸಿಕ್ಕಿದ ಫೋಟೋ ಇನ್ನೂ ನಾಲ್ಕು ಕಡೆ ಇರುವುದೇ ಜಾಸ್ತಿ.

ಇನ್ನೊಂದು ಕೆಲಸ ಮಾಡಿದೆ. ಒಂದು ಡಬ್ಬಿ ತೊಡೆದೇವು ಆರ್ಡರ್ ಮಾಡಿದೆ. ಆನ್‌ಲೈನ್ ಅಂಗಡಿಗಳ ಹೆಸರು ಏನೇನೋ ಚೆಂದವಾಗಿ ಇರುತ್ತದೆ, ಹಿಂದೆ ಯಾರಿದ್ದಾರೆ ಅಂತ ತಿಳಿಯುವುದಿಲ್ಲ. ಡಬ್ಬಿ ಮನೆಗೆ ಬಂದರೆ ಎಲ್ಲ ಅದರಲ್ಲೇ ಇರುತ್ತದೆ. ತಿಂಡಿ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಲೇಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇತ್ತು. ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವ್ಯವಹಾರದ ಕಾನೂನುಬದ್ಧ ಹೆಸರು ಸಿಗುತ್ತದೆ. ಪತ್ರವನ್ನು ಆ ಹೆಸರಿಗೇ ಬರೆಯಬೇಕು, ಇಲ್ಲದಿದ್ದರೆ ‘ಅದು ನಮ್ಮ ಕಂಪನಿ ಅಲ್ಲ’ ಅಂತ ಜಾರಿಕೊಳ್ಳುತ್ತಾರೆ. ಹೋಟೆಲ್, ಬೇಕರಿ, ಉಪ್ಪಿನಕಾಯಿಯವರು, ಎಲ್ಲರ ಮೇಲೂ ಈ ದಾರಿ ನಡೆಯುತ್ತದೆ. ತೊಡೆದೇವು ಸುಮಾರಾಗಿತ್ತು, ಅದು ಬೇರೆ ಮಾತು.

ಫೋಟೋ ನನ್ನದೇ ಅಂತ ತೋರಿಸುವುದು ಹೇಗೆ? ನನ್ನ ಬಳಿ ರಾ ಫೈಲ್, ಅಂದರೆ ಕ್ಯಾಮೆರಾದಿಂದ ನೇರ ಬಂದ ಮೂಲ ಫೈಲ್, ಇದೆ, ಅದಕ್ಕೂ ಮುಂಚಿನ ಮತ್ತು ಆಮೇಲಿನ ಫ್ರೇಮ್‌ಗಳಿವೆ. ಹಿಟ್ಟು ಬಳಿಯುತ್ತಿರುವುದು, ಅಂಚು ಏಳುತ್ತಿರುವುದು, ಮಡಚಿದ್ದು, ಎಲ್ಲವೂ ಸಾಲಾಗಿ. ಇದೆಲ್ಲಕ್ಕಿಂತ ಕೆಲಸಕ್ಕೆ ಬರುವುದು ಚೌಕಟ್ಟಿನ ಅಂಚು. ನಾನು ಯಾವ ಫೋಟೋವನ್ನೂ ಪೂರ್ತಿಯಾಗಿ ಹೊರಗೆ ಬಿಡುವುದಿಲ್ಲ. ನಾಲ್ಕೂ ಕಡೆ ಸ್ವಲ್ಪ ಕತ್ತರಿಸಿ, ಗಾತ್ರ ಇಳಿಸಿ ಹಾಕುತ್ತೇನೆ. ಕದ್ದವರ ಬಳಿ ಇರುವುದು ಕತ್ತರಿಸಿದ್ದು. ಈ ಫೋಟೋದಲ್ಲಿ ಎಡಗಡೆ ಬಿಟ್ಟ ಭಾಗದಲ್ಲಿ ಬೆಕ್ಕಿನ ಬಾಲ ಇದೆ. ಅದು ಜಗತ್ತಿನಲ್ಲಿ ನನ್ನೊಬ್ಬಳ ಬಳಿ ಮಾತ್ರ ಇರುವ ಬಾಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕಳಿಸಿದರೆ ವಾದವೇ ಬರುವುದಿಲ್ಲ. ಕಳಿಸುವಾಗ ಮಾತ್ರ ಸಣ್ಣ ಗಾತ್ರದ್ದನ್ನೇ ಕಳಿಸಿ, ರಾ ಫೈಲ್ ಯಾರಿಗೂ ಕೊಡಬೇಡಿ.

ಕಾನೂನು ನಮ್ಮ ಪರವಾಗಿಯೇ ಇದೆ, ಅದರ ಬಗ್ಗೆ ಗಾಬರಿ ಬೇಡ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಫೋಟೋ ಕೂಡ ಕಲಾಕೃತಿಯೇ. ಕ್ಲಿಕ್ ಮಾಡಿದವರೇ ಕರ್ತೃ, ಹಕ್ಕು ಆ ಕ್ಷಣದಿಂದಲೇ ಬರುತ್ತದೆ. ನೋಂದಣಿ ಕಡ್ಡಾಯವಲ್ಲ. ಬಾಳಿಕೆ ಕರ್ತೃವಿನ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಆದರೆ ಒಂದು ಕಡೆ ಹುಷಾರಾಗಿರಬೇಕು. ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ತೆಗೆಸಿದವರದ್ದು. ಹೋಟೆಲಿಗೆ ಮಾಡಿಕೊಟ್ಟ ಫೋಟೋ ಇನ್ನೊಂದು ಕಡೆ ಕಂಡಿತು ಅಂತ ಹಾರಾಡುವ ಮೊದಲು ಆ ಕಾಗದ ನೋಡಿಕೊಳ್ಳಿ. ಹಾಗೇ ತೊಡೆದೇವು ಮಾಡುವ ವಿಧಾನದ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಇರಲೂ ಬಾರದು. ಅದು ಊರಿನದು. ನನ್ನದು ಆ ಒಂದು ಚಿತ್ರ ಮಾತ್ರ.

ಪತ್ರದಲ್ಲಿ ಸೆಕ್ಷನ್‌ಗಳ ಮಳೆ ಸುರಿಸುವುದು ನನಗೆ ಇಷ್ಟವಿಲ್ಲ. 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಅಂತ ಇದೆ, ನಿಜ. ಅದನ್ನು ಮೊದಲ ಪತ್ರದಲ್ಲೇ ಬರೆದರೆ ಅಂಗಡಿಯವರು ನೇರ ವಕೀಲರ ಹತ್ತಿರ ಓಡುತ್ತಾರೆ, ಅಲ್ಲಿಗೆ ಮಾತುಕತೆ ಮುಗಿಯಿತು. ಬರೀ ಬೆದರಿಕೆ ಹಾಕಿದರೆ, ಆಧಾರವಿಲ್ಲದ ಬೆದರಿಕೆ ಅಂತ ಅವರೇ ನಮ್ಮ ಮೇಲೆ ಕೋರ್ಟಿಗೆ ಹೋಗಲು 60ನೇ ಸೆಕ್ಷನ್‌ನಲ್ಲಿ ದಾರಿಯಿದೆ. ‘ಕಳ್ಳತನ’ ಅನ್ನುವ ಮಾತು ನನ್ನ ಪತ್ರದಲ್ಲಿ ಎಲ್ಲೂ ಬರುವುದಿಲ್ಲ. ನಾನು ಬರೆದದ್ದು ಇಷ್ಟೇ:

‘ನಮಸ್ಕಾರ. ನಿಮ್ಮ ತೊಡೆದೇವು ಡಬ್ಬಿಯ ಮುಚ್ಚಳದಲ್ಲಿ ಮತ್ತು ಕೆಳಗಿನ ಲಿಂಕ್‌ಗಳಲ್ಲಿ ಇರುವ ಫೋಟೋ ನಾನು ತೆಗೆದದ್ದು. ಮೂಲದ ಸಣ್ಣ ಪ್ರತಿಯನ್ನು ಲಗತ್ತಿಸಿದ್ದೇನೆ. ಇದಕ್ಕೆ ಅನುಮತಿ ಕೊಟ್ಟ ದಾಖಲೆ ನನ್ನಲ್ಲಿ ಇಲ್ಲ. ನಿಮ್ಮಲ್ಲಿ ಇದ್ದರೆ ದಯವಿಟ್ಟು ಕಳಿಸಿ. ಇಲ್ಲವಾದರೆ ಈವರೆಗಿನ ಬಳಕೆಯ ಬಿಲ್ ಜೊತೆಗಿದೆ. ಮುಂದೆಯೂ ಬಳಸುವ ಯೋಚನೆ ಇದ್ದರೆ ತಿಳಿಸಿ, ಅದರ ದರ ಬೇರೆ ಕಳಿಸುತ್ತೇನೆ. 15 ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ.’

ಇಮೇಲ್ ಒಂದು, ಸ್ಪೀಡ್ ಪೋಸ್ಟ್ ಒಂದು. ಬಿಲ್ಲಿನಲ್ಲಿ ಡಬ್ಬಿಗೆ ₹15,000, ಆನ್‌ಲೈನ್ ಮತ್ತು ಜಾಹೀರಾತಿಗೆ ₹6,000. ಮೊದಲೇ ಕೇಳಿದ್ದರೆ ನಾನು ಹೇಳುತ್ತಿದ್ದ ದರವೇ ಅದು, ಒಂದು ರೂಪಾಯಿ ಜಾಸ್ತಿ ಇಲ್ಲ. ದಂಡ ಸೇರಿಸಿ ದುಪ್ಪಟ್ಟು ಮಾಡುವವರೂ ಇದ್ದಾರೆ. ನಾನು ಮಾಡುವುದಿಲ್ಲ. ಮಾಮೂಲಿ ದರಕ್ಕೆ ಹಳೆಯ ಬಿಲ್ಲುಗಳ ಆಧಾರ ಇರುತ್ತದೆ, ‘ಎಲ್ಲರಿಗೂ ಇಷ್ಟೇ’ ಅಂತ ತೋರಿಸಬಹುದು. ಬಿಲ್ಲಿಗೆ ಇನ್ನೂ ಒಂದು ಗುಣ ಇದೆ. ಬೈಗುಳದ ಪತ್ರ ಮಾಲೀಕರ ಫೋನಿನಲ್ಲೇ ಸಾಯುತ್ತದೆ, ಬಿಲ್ ಮಾತ್ರ ಅಕೌಂಟ್ಸ್ ನೋಡುವವರ ಮೇಜಿಗೆ ಹೋಗುತ್ತದೆ. ಅವರು ‘ಇದು ಏನು ಸಾರ್?’ ಅಂತ ಕೇಳಲೇಬೇಕು.

ಉತ್ತರ ಫೋನಿನಲ್ಲಿ ಬಂತು. ‘ಗೂಗಲ್‌ನಲ್ಲಿ ಸಿಕ್ತು ಮೇಡಂ.’ ಇದನ್ನು ಎಲ್ಲರೂ ಹೇಳುತ್ತಾರೆ. ಗೂಗಲ್ ಹುಡುಕಿಕೊಡುತ್ತದೆ, ಅನುಮತಿ ಕೊಡುವುದಿಲ್ಲ ಅಂದೆ. ‘ಡಿಸೈನರ್ ಹಾಕಿದ್ದು, ನಮಗೇನೂ ಗೊತ್ತಿಲ್ಲ.’ ಅದು ಅವರ ಮತ್ತು ಡಿಸೈನರ್ ನಡುವಿನ ಲೆಕ್ಕ, ಡಬ್ಬಿ ಮಾರುತ್ತಿರುವುದು ಅವರು. ‘ನಿಮ್ಮ ಹೆಸರು ಹಾಕ್ತೀವಿ, ಪ್ರಚಾರ ಸಿಗುತ್ತೆ.’ ಆ ಪ್ರಚಾರವನ್ನು ನಮ್ಮ ಕಿರಾಣಿ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಪ್ರತಿ ಸಲ ಫೋನ್ ಇಟ್ಟ ಮೇಲೆ ‘ಈಗ ನಾವು ಮಾತಾಡಿದ್ದು ಹೀಗೆ’ ಅಂತ ಒಂದು ಇಮೇಲ್ ಹಾಕುತ್ತಿದ್ದೆ. ಮಾತು ಗಾಳಿಗೆ ಹೋಗಬಾರದು.

ಆಮೇಲೆ ಬಂದದ್ದು ನಿಜವಾಗಿ ಕಷ್ಟದ್ದು. ಎರಡೂ ಕಡೆ ಪರಿಚಯ ಇರುವ ಹಿರಿಯರೊಬ್ಬರು ಫೋನ್ ಮಾಡಿದರು. ‘ತಂಗೀ, ಅವರೂ ನಮ್ಮ ಕಡೆಯವರೇ. ಈಗಷ್ಟೇ ಶುರು ಮಾಡಿದ್ದಾರೆ. ಒಂದು ಫೋಟೋಗೆ ಇಷ್ಟೆಲ್ಲ ಯಾಕೆ?’ ಕಾಯ್ದೆಯಲ್ಲಿ ಇದಕ್ಕೆ ಸೆಕ್ಷನ್ ಇಲ್ಲ. ಊರಿನ ತಿಂಡಿ, ಊರಿನ ಜನ ಅನ್ನುವಾಗ ದುಡ್ಡಿನ ಮಾತಾಡುವುದೇ ಸಣ್ಣತನ ಅನ್ನಿಸುವ ಹಾಗೆ ಮಾಡುತ್ತಾರೆ. ನಾನು ಕೇಳಿದೆ: ‘ಮಾವ, ಬೆಲ್ಲ, ಡಬ್ಬಿ, ಕೊರಿಯರ್, ಇವರಲ್ಲಿ ಯಾರಿಗಾದರೂ ನಮ್ಮ ಕಡೆಯವರು ಅಂತ ದುಡ್ಡು ಕೊಡದೆ ಬಿಟ್ಟಿದ್ದಾರಾ?’ ಅವರು ನಕ್ಕರು. ‘ಬಿಡು, ನಾನೇ ಹೇಳ್ತೆ’ ಅಂದರು.

ಕೊನೆಗೆ ಇತ್ಯರ್ಥ ಆದದ್ದು ಹೀಗೆ. ಅವರ ಬಳಿ ಅಚ್ಚಾದ ಡಬ್ಬಿಗಳ ರಾಶಿ ಇತ್ತು. ಅದನ್ನು ಹಾಳು ಮಾಡಿಸಿ ನನಗೇನು ಆಗಬೇಕು? ಡಬ್ಬಿಯ ₹15,000 ಪೂರ್ತಿ ಕೊಟ್ಟರು. ಇರುವ ದಾಸ್ತಾನು ಮುಗಿಯುವವರೆಗೆ ಬಳಸಬಹುದು, ಮತ್ತೆ ಅಚ್ಚು ಹಾಕಿಸಬಾರದು ಅಂತ ನಾನು ಒಂದು ಪುಟದ ಅನುಮತಿ ಪತ್ರ ಕೊಟ್ಟೆ. ಆನ್‌ಲೈನ್‌ನಿಂದ ಫೋಟೋ ತೆಗೆದರು, ಹಾಗಾಗಿ ಆ ₹6,000ದಲ್ಲಿ ಅರ್ಧ ಬಿಟ್ಟೆ. ಕೋರ್ಟಿಗೆ ಹೋಗಿದ್ದರೆ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತೋ ಏನೋ, ವಕೀಲರ ಫೀಸು ಕಳೆದರೆ ಉಳಿಯುತ್ತಿದ್ದದ್ದು ಕಡಿಮೆಯೇ. ಹೋಗಲೇಬೇಕಾಗಿ ಬಂದರೆ ಒಂದು ಅನುಕೂಲ ಇದೆ. ಎದುರು ಪಾರ್ಟಿ ಎಲ್ಲಿದ್ದರೂ, 62ನೇ ಸೆಕ್ಷನ್ ಪ್ರಕಾರ ನಾವಿರುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. ಸ್ಕ್ರೀನ್‌ಶಾಟ್‌ನಂಥ ಡಿಜಿಟಲ್ ಸಾಕ್ಷಿಗೆ, 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕು. ಅದನ್ನು ವಕೀಲರ ಸಹಾಯದಿಂದಲೇ ಮಾಡಿಸಿ.

ಎಲ್ಲರೂ ಇಷ್ಟು ಸುಲಭಕ್ಕೆ ಸಿಗುವುದಿಲ್ಲ. ವಿಳಾಸವೇ ಇಲ್ಲದ ಪೇಜ್‌ಗಳು, ಉತ್ತರ ಕೊಡದವರು ಇರುತ್ತಾರೆ. ಅಲ್ಲಿ ಬಿಲ್ಲಿನ ಆಸೆ ಬಿಟ್ಟು ತೆಗೆಸುವ ದಾರಿ ಹಿಡಿಯುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್, ಯೂಟ್ಯೂಬ್ ಎಲ್ಲದರಲ್ಲೂ ಕಾಪಿರೈಟ್ ದೂರಿನ ಫಾರಂ ಇದೆ. ಇವೆಲ್ಲ ಅಮೆರಿಕದ ಕಂಪನಿಗಳಾದ್ದರಿಂದ ಅಲ್ಲಿನ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆಯ ಪ್ರಕಾರ ನಡೆಯುತ್ತವೆ. ಮೂಲದ ಲಿಂಕ್, ಕದ್ದದ್ದರ ಲಿಂಕ್, ಹೇಳಿದ್ದೆಲ್ಲ ಸತ್ಯ ಅನ್ನುವ ಘೋಷಣೆ, ಸಹಿ, ಇಷ್ಟು ಸಾಕು. ಎದುರಿನವರು ನಮ್ಮ ದೂರಿಗೆ ಎದುರಾಗಿ ನೋಟಿಸ್ ಕೊಟ್ಟು, ನಾವು ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನದಲ್ಲಿ ಫೋಟೋ ವಾಪಸ್ ಬರುತ್ತದೆ. ನಮ್ಮ ದೇಶದ ಕಾಯ್ದೆಯಲ್ಲೂ ಹೀಗೇ ಒಂದು ದಾರಿ ಇದೆ. ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ಆ ತಾಣದವರು ಕ್ರಮ ಕೈಗೊಳ್ಳಬೇಕು. ನಾವು 21 ದಿನದಲ್ಲಿ ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೋರಿಸಬಹುದು. ಹೆಣ್ಣುಮಕ್ಕಳಿಗೆ ಒಂದು ಮಾತು: ಈ ದೂರಿನಲ್ಲಿ ಕೊಟ್ಟ ಹೆಸರು, ಸಂಪರ್ಕ ಎದುರಿನವರ ಕೈ ಸೇರಬಹುದು. ನಾನು ಮನೆ ವಿಳಾಸ ಕೊಡುವುದಿಲ್ಲ, ಕೆಲಸದ ವಿಳಾಸ ಕೊಡುತ್ತೇನೆ.

ಕೆಲವನ್ನು ಸುಮ್ನೆ ಬಿಟ್ಟುಬಿಡುತ್ತೇನೆ. ಶಾಲೆಯ ಪ್ರಾಜೆಕ್ಟ್, ಊರಿನ ಜಾತ್ರೆಯ ಆಮಂತ್ರಣ, ಅಮೆರಿಕದಲ್ಲಿರುವ ಯಾರೋ ಊರು ನೆನಪಾಗಿ ಹಂಚಿಕೊಂಡದ್ದು, ಇಲ್ಲೆಲ್ಲ ಹೆಸರು ಹಾಕಿದರೆ ಖುಷಿ, ಹಾಕದಿದ್ದರೆ ಜಗಳವಿಲ್ಲ. ಇನ್ನು ಸಾವಿರಾರು ಫೋಟೋ ಗುಡಿಸಿ ಹಾಕಿಕೊಳ್ಳುವ ಯಾವುದೋ ದೇಶದ ವಾಲ್‌ಪೇಪರ್ ಸೈಟುಗಳು. ಅವರನ್ನು ಗೂಗಲ್ ಹುಡುಕಾಟದಿಂದ ತೆಗೆಸಿ ಕೈತೊಳೆದುಕೊಳ್ಳುತ್ತೇನೆ.

ಈಗ ಹೆಸರನ್ನು ಮೂಲೆಯಲ್ಲಿ ಹಾಕುವುದಿಲ್ಲ. ಸಣ್ಣದಾಗಿ, ತಟ್ಟೆಯ ಅಂಚಿಗೋ ಬಾಳೆ ಎಲೆಯ ನಡುದಂಟಿಗೋ ಒರಗಿಸಿ ಹಾಕುತ್ತೇನೆ. ಕತ್ತರಿಸಿದರೆ ತಿಂಡಿಯೂ ಹೋಗುತ್ತದೆ. ಫೈಲಿನ ಒಳಗಿನ ಮಾಹಿತಿಯಲ್ಲೂ ಹೆಸರು, ಇಮೇಲ್ ತುಂಬಿರುತ್ತೇನೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಹಾಗೆ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಆದರೂ ನೇರ ಇಳಿಸಿಕೊಂಡವರ ಫೈಲಿನಲ್ಲಿ ಉಳಿದಿದ್ದೂ ಉಂಟು. ಜೊತೆಗೆ ಪ್ರತಿ ಫೋಟೋದ ಕೆಳಗೆ ಒಂದು ಸಾಲು ಹಾಕಿದ್ದೇನೆ: ‘ಬಳಸಬೇಕಾ? ಕೇಳಿ. ಶಾಲೆಗಳಿಗೆ ಉಚಿತ, ವ್ಯಾಪಾರಕ್ಕೆ ದರ ಇದೆ.’ ಕೆಳಗೆ ಇಮೇಲ್. ಈ ಸಾಲು ಬಂದ ಮೇಲೆ ಕೇಳುವವರು ಹೆಚ್ಚಾದರು. ಎಷ್ಟೋ ಜನಕ್ಕೆ ಯಾರನ್ನು ಕೇಳಬೇಕು ಅಂತಲೇ ತಿಳಿದಿರುವುದಿಲ್ಲ. ಆ ತಿಂಡಿ ಅಂಗಡಿಯವರೂ ಮೊನ್ನೆ ಪತ್ರೊಡೆಯ ಫೋಟೋ ಬೇಕು ಅಂತ ಬರೆದಿದ್ದಾರೆ. ದರ ಕಳಿಸಿದ್ದೇನೆ. ಜಾಸ್ತಿ ಆಯಿತು ಅನ್ನುತ್ತಿದ್ದಾರೆ.