ಬೇಕೆಂದೇ ಉಗ್ಗಿದ ನನ್ನ ಅನುಭವ

ಕಲ್ಲಡ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನನಗೆ ‘ಕ’ ಅಕ್ಷರವೇ ಗಂಟಲಲ್ಲಿ ನಿಲ್ಲುತ್ತಿತ್ತು ಎಂದರೆ, ಉಗ್ಗುವವರಿಗೆ ಉಳಿದದ್ದು ಅರ್ಥವಾದೀತು. ಮಂಗಳೂರಿನಿಂದ ಬರುವಾಗ ಮುಂದಿನ ಮಾಣಿಗೆ ಟಿಕೆಟ್ ಪಡೆದು ಕಲ್ಲಡ್ಕದಲ್ಲಿ ಇಳಿಯುತ್ತಿದ್ದೆ; ಹೀಗೆ ಸುಮಾರು 12 ವರ್ಷ ಪ್ರತಿ ಸಲವೂ ಐದಾರು ರೂಪಾಯಿ ಹೆಚ್ಚು ತೆತ್ತಿದ್ದೇನೆ. ನಮ್ಮೂರಿನ ಪ್ರಸಿದ್ಧ ಕಲ್ಲಡ್ಕ ಟೀ, ಅಂದರೆ ಕೆ.ಟಿ.ಯನ್ನೂ ಪಕ್ಕದ ಮೇಜಿಗೆ ಬೆರಳು ತೋರಿಸಿಯೇ ತರಿಸಿಕೊಳ್ಳುತ್ತಿದ್ದೆ.

ಚಿಕ್ಕಂದಿನಲ್ಲಿ ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ಚಿದ್ದರಿಂದ ಖರ್ಚೇನೂ ಆಗಲಿಲ್ಲ. ಖರ್ಚಾದದ್ದು ಹದಿನೈದೇ ದಿನಗಳಲ್ಲಿ ಉಗ್ಗು ಹೋಗುತ್ತದೆಂದು ನಂಬಿಸಿದ ಶಿಬಿರವೊಂದಕ್ಕೆ, ಊಟ ವಸತಿ ಸೇರಿ 18,000 ರೂಪಾಯಿಯ ಹತ್ತಿರ. ಅಲ್ಲಿ ಕಲಿತ ಎಳೆದಾಡುವ ಮಾತು ಅಂಗಡಿಯ ಗಲಾಟೆಯಲ್ಲಿ ಮೂರು ವಾರವೂ ಬಾಳಲಿಲ್ಲ.

ಆಮೇಲೆ ಹಿಡಿದದ್ದು, ಸ್ವತಃ ಉಗ್ಗುತ್ತಿದ್ದ ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವಾನ್ ರೈಪರ್ ಉಗ್ಗಿನ ಭಯ ಕಳೆಯಲು ಬಳಸುತ್ತಿದ್ದ, ಬೇಕೆಂದೇ ಉಗ್ಗುವ ಕ್ರಮವನ್ನು. ಉಗ್ಗುವ ನಮ್ಮಲ್ಲಿ ಇದನ್ನು ಕೇಳಿದವರು ಬಹಳ, ಮಾಡಿದವರು ಕಡಿಮೆ. ಅಣ್ಣನಂತೂ ಇದು ಹುಚ್ಚೆಂದೇ ಹೇಳಿದ. ಬಲಜೇಬಿನಲ್ಲಿ 10 ಹುಣಸೆ ಬೀಜ ಇಟ್ಟುಕೊಂಡು, ಸಲೀಸಾಗಿ ಬರುವ ಪದದಲ್ಲಿ ಗಿರಾಕಿಯ ಎದುರು ಉಗ್ಗಿದಾಗಲೆಲ್ಲ ಒಂದನ್ನು ಎಡಜೇಬಿಗೆ ಹಾಕುತ್ತಿದ್ದೆ. ಮೊದಲ ತಿಂಗಳು ದಿನಕ್ಕೆ ಮೂರು ದಾಟಲಿಲ್ಲ. ಒಮ್ಮೆ ನಟಿಸಲು ಹೊರಟ ಉಗ್ಗು ನಿಜವಾಗಿಯೇ ಬಾಯಿ ಕಟ್ಟಿಬಿಟ್ಟು, ಪೈಪಿನ ಬೆಲೆ ಕೇಳಿದ ಗುತ್ತಿಗೆದಾರರು ಕಾದು ಬೇಸತ್ತು ಎದ್ದು ಹೋದರು. ಏನಿಲ್ಲೆಂದರೂ 40,000 ರೂಪಾಯಿಯ ವ್ಯಾಪಾರ. ನಡುವೆ ತಾಳಮದ್ದಳೆಯ ಅರ್ಥಧಾರಿಗಳ ಧಾಟಿಯನ್ನೂ ಪ್ರಯೋಗಿಸಿದೆ: ಮಾತು ಎಲ್ಲಿಯೂ ತಡೆಯಲಿಲ್ಲ, ಆದರೆ ಎರಡು ಕೆ.ಜಿ. ಮೊಳೆ ಮಾರುವುದಕ್ಕೆ ಕೌರವನ ಗತ್ತು ಅತಿಯಾಯಿತು.

ಆರೇಳು ತಿಂಗಳಾಗುವಾಗ ಊರಿಗೆಲ್ಲ ನನ್ನ ಉಗ್ಗು ಗೊತ್ತಾಗಿ, ಅಡಗಿಸಲು ಏನೂ ಉಳಿಯಲಿಲ್ಲ. ಉಗ್ಗು ಹೋಗಿಲ್ಲ, ಪದ ಬದಲಿಸುವ ಚಟ ಹೋಗಿದೆ. ಫೋನಿನ ಮೊದಲ ಪದಕ್ಕೆ ನಾನು ಕಂಡುಕೊಂಡ ಉಪಾಯ ಬೇರೆಯೇ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನನ್ನ ಬಾಯನ್ನೇ ಕಾಯುವುದು ನಿಂತ ಮೇಲೆ ಉಳಿದವರು ಕಾಣತೊಡಗಿದರು. ನನ್ನ ಮಾತನ್ನು ತಾನೇ ಮುಗಿಸುತ್ತಾನೆಂದು ಅಣ್ಣನೊಡನೆ ಎಷ್ಟೋ ವರ್ಷ ಜಗಳವಾಡಿದ್ದೆ. ಆತ ಅತ್ತಿಗೆಯ ಮಾತನ್ನೂ, ಗಿರಾಕಿಗಳ ಮಾತನ್ನೂ ಹಾಗೆಯೇ ಮುಗಿಸುವವನೆಂಬುದು ಆಗಷ್ಟೇ ಗಮನಕ್ಕೆ ಬಂತು. ಈಗ ಮುಗಿಸಲು ಬಿಡುತ್ತೇನೆ. ತಪ್ಪಾದರೆ ಮೊದಲಿನಿಂದ ಹೇಳುತ್ತೇನೆ. ಮೊನ್ನೆ ಬಸ್ಸಿನಲ್ಲಿ ‘ಕ’ ಹಿಡಿದು ನಿಂತಿರುವಾಗಲೇ ಪರಿಚಯದ ಕಂಡಕ್ಟರ್ ರೂಢಿಯಂತೆ ಮಾಣಿಯ ಟಿಕೆಟ್ ಕೊಟ್ಟರು. ಸಿಟ್ಟು ಬರಲಿಲ್ಲ. ಅದನ್ನು ಹಿಂದಿರುಗಿಸಿ, ಏಳೆಂಟು ಸೆಕೆಂಡು ತೆಗೆದುಕೊಂಡು, ಕಲ್ಲಡ್ಕ ಎಂದೆ.