ಕೊಡಗಿನ ಚಳಿಗೆ ಹೊಂದೋ ಅಕ್ವೇರಿಯಂ ಮೀನು: ಯಾವುದ್ರ ಜೊತೆ ಯಾವುದು, ಊಟ ಎಷ್ಟು

ಮೀನಿನ ಅಂಗಡಿಯವ್ರು ಟ್ಯಾಂಕ್ ಎಷ್ಟು ಅಡಿ ಅಂತ ಕೇಳ್ತಾರೆ, ಬಜೆಟ್ ಕೇಳ್ತಾರೆ, ನಿಮ್ಮನೆ ಯಾವೂರಲ್ಲಿ ಅಂತ ಮಾತ್ರ ಕೇಳಲ್ಲ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ, ಪುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ ರಾತ್ರಿ ಹೊರಗೆ 12-14 ಡಿಗ್ರಿಗೆ ಇಳಿಯತ್ತೆ, ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಂತೂ ಬಿಸಿಲಿನ ಮುಖ ಕಾಣ್ದೆ ಟ್ಯಾಂಕ್ ನೀರು 20ರ ಆಸುಪಾಸಲ್ಲೇ ಕೂತ್ಬಿಡತ್ತೆ. ಕುಶಾಲನಗರದ ಕಡೆಯವ್ರಿಗೆ ಇಷ್ಟು ತೊಂದ್ರೆ ಇಲ್ಲ, ಅಲ್ಲಿ ಸ್ವಲ್ಪ ಬೆಚ್ಚಗೆ. ಆದ್ರೆ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಮೇಲ್ಭಾಗದವ್ರು ಬಯಲುಸೀಮೆಯವ್ರ ವಿಡಿಯೋ ನೋಡಿ ಮೀನಿನ ಲಿಸ್ಟ್ ಮಾಡ್ಕೊಂಡ್ರೆ ಮೊದಲ ಚಳಿಗೇ ಬಿಳಿ ಚುಕ್ಕೆ ರೋಗ ಬರತ್ತೆ, ಮೈಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಕಾಣತ್ತಲ್ಲ, ಅದು.

ಹಾಗಾಗಿ ಮೊದಲು ಹೀಟರ್ ಇಡ್ತೀರೋ ಇಲ್ವೋ ತೀರ್ಮಾನ ಮಾಡಿ. ಹೀಟರ್ ಬೇಡ ಅನ್ನೋರಿಗೆ ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಸಿಕ್ಕಿದ್ರೆ ವೈಟ್ ಕ್ಲೌಡ್ ಮಿನೋ, ತಳಕ್ಕೆ ಪೆಪ್ಪರ್ಡ್ ಕೋರಿ (ಕೋರಿ ಅಂದ್ರೆ ತಳದಲ್ಲೇ ಓಡಾಡೋ ಪುಟ್ಟ ಮೀಸೆ ಮೀನು). ಇವೆಲ್ಲ 18-22 ಡಿಗ್ರಿಯಲ್ಲಿ ಆರಾಮಾಗಿರತ್ವೆ. ಹೀಟರ್ ಇಡೋರಾದ್ರೆ 24-25ಕ್ಕೆ ಸೆಟ್ ಮಾಡಿ ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್, ಹನಿ ಗೌರಾಮಿ, ಬ್ರಾಂಜ್ ಕೋರಿ ಅಂತ ಹೋಗ್ಬಹುದು. ಲೀಟರಿಗೆ ಒಂದು ವ್ಯಾಟ್ ಅನ್ನೋ ಲೆಕ್ಕ ನಮ್ಮ ಕಡೆ ಸಾಲಲ್ಲ, ಎರಡಡಿ ಟ್ಯಾಂಕಲ್ಲಿ 50-55 ಲೀಟರ್ ನೀರು ಹಿಡಿಯತ್ತೆ, ಅದಕ್ಕೆ 100 ವ್ಯಾಟಿಂದೇ ತಗೊಳ್ಳಿ. ಜೊತೆಗೊಂದು ಥರ್ಮಾಮೀಟರ್ ಬೇಕೇ ಬೇಕು, ಅಗ್ಗದ ಹೀಟರ್‌ಗಳ ಡಯಲ್ ನಂಬೋ ಹಾಗಿಲ್ಲ.

ಟೆಂಪರೇಚರ್ ಹೊಂದಿದ ಮೇಲೆ ನೋಡ್ಬೇಕಾದ್ದು ಬಾಯಿ. ಮೀನು ಸಾಧು ಅಂತ ಅಂಗಡಿಯವ್ರು ಹೇಳಿದ್ರೂ ಬಾಯಿಗೆ ಹಿಡಿಸೋದನ್ನ ಅದು ತಿಂದೇ ತಿನ್ನತ್ತೆ. ಏಂಜಲ್ ಮೀನು ತರುವಾಗ ಐದು ರೂಪಾಯಿ ನಾಣ್ಯದಷ್ಟಿರತ್ತೆ, ನಿಯಾನ್ ಪಕ್ಕದಲ್ಲೇ ಓಡಾಡ್ಕೊಂಡು ತುಂಬಾ ಮರ್ಯಾದಸ್ಥನ ಥರ ಇರತ್ತೆ. ಆರೇಳು ತಿಂಗಳಲ್ಲಿ ಅಂಗೈ ಅಗಲ ಆದ್ಮೇಲೆ ಕೆಲಸ ಶುರು, ಅದೂ ಹಗಲಲ್ಲ, ಲೈಟ್ ಆರಿಸಿದ ಮೇಲೆ ನಿಯಾನ್ ಗಿಡದ ಸಂದೀಲಿ ಅಲ್ಲಾಡದೆ ನಿಂತಿರತ್ವಲ್ಲ, ಆವಾಗ. ಬೆಳಿಗ್ಗೆ ಎಣಿಸಿದ್ರೆ ಒಂದು ಕಮ್ಮಿ, ಹೆಣನೂ ಇರಲ್ಲ, ಏಂಜಲ್ ಹೊಟ್ಟೆ ಮಾತ್ರ ಉಬ್ಬಿರತ್ತೆ. ಹಾಗಾಗಿ ಅಂಗಡಿಯಲ್ಲಿರೋ ಸೈಜ್ ನೋಡದೆ ಬೆಳೆದ ಮೇಲಿನ ಸೈಜ್ ಕೇಳಿ.

ಟೈಗರ್ ಬಾರ್ಬ್ ಸೈಜಲ್ಲಿ ಚಿಕ್ಕದೇ, ಆದ್ರೆ ಗಪ್ಪಿ, ಏಂಜಲ್, ಫೈಟರ್‌ಗಳ ಉದ್ದ ರೆಕ್ಕೆ ಕಂಡ್ರೆ ಕಚ್ಚದೆ ಬಿಡಲ್ಲ, ಅದನ್ನ ಎಂಟ್ಹತ್ತರ ಗುಂಪಾಗಿ ಬೇರೆಯೇ ಸಾಕಿ. ಗೋಲ್ಡ್‌ಫಿಶ್‌ಗೆ ನಮ್ಮ ಚಳಿ ಚೆನ್ನಾಗೇ ಹಿಡಿಸತ್ತೆ, ಆದ್ರೆ ಅದು ಮಾಡೋ ಗಲೀಜಿಗೆ ಬೇರೆ ಮೀನು ಬಾಳಲ್ಲ, ಸಣ್ಣವನ್ನ ನುಂಗೂ ನುಂಗತ್ತೆ. ಗಾಜು ಕ್ಲೀನ್ ಮಾಡತ್ತೆ ಅಂತ ಕೊಡೋ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯತ್ತೆ, ಆಮೇಲೆ ಪಾಚಿ ಬಿಟ್ಟು ಬೇರೆ ಮೀನಿನ ಊಟಕ್ಕೇ ಬರತ್ತೆ. ದೊಡ್ಡದಾಯ್ತು ಅಂತ ತೋಡಿಗೋ ಹೊಳೆಗೋ ಬಿಡೋರಿದಾರೆ, ದಯವಿಟ್ಟು ಬೇಡ, ಪಕ್ಕದ ಕೇರಳದಲ್ಲಿ ಇದೇ ಮೀನು ಕೆರೆ ಹೊಳೆ ಸೇರಿ ಊರಿನ ಮೀನಿಗೇ ಜಾಗ ಇಲ್ದಂಗೆ ಮಾಡಿದೆ. ಅಂಗಡಿಗೇ ವಾಪಸ್ ಕೊಡಿ.

ಇನ್ನು ಗುಂಪು. ನಿಯಾನ್, ಡ್ಯಾನಿಯೊ, ಕೋರಿ ಇವನ್ನೆಲ್ಲ ಎರಡು ಇದು ಎರಡು ಅದು ಅಂತ ತರಬೇಡಿ, ಆರಕ್ಕಿಂತ ಕಮ್ಮಿ ಇದ್ರೆ ಹೆದ್ರಿ ಮೂಲೆ ಸೇರ್ಕೊಳ್ಳತ್ವೆ. ಎರಡಡಿ ಟ್ಯಾಂಕಿಗೆ ಎಂಟು ನಿಯಾನ್, ಆರು ಕೋರಿ, ಒಂದು ಜೋಡಿ ಹನಿ ಗೌರಾಮಿ ಆದ್ರೆ ಭರ್ತಿ. ಖಾಲಿ ಖಾಲಿ ಕಾಣತ್ತೆ ಅಂತ ಮನೆಯವ್ರು ಹೇಳ್ತಾರೆ, ಗಿಡ ಹಾಕಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು, ತೋಡಿನ ನೀರು, ಬಾವಿ ನೀರು ಹೆಚ್ಚಾಗಿ ಮೆದು, ನಿಯಾನ್‌ಗೆ ಹೇಳಿ ಮಾಡಿಸಿದ್ದು. ಗಪ್ಪಿ, ಮೋಲಿಗೆ ಮಾತ್ರ ಗಡಸು ನೀರು ಬೇಕು, ಅವನ್ನೇ ಸಾಕ್ತೀನಿ ಅನ್ನೋರು ಫಿಲ್ಟರ್ ಒಳಗೆ ಒಂದು ಮುಷ್ಟಿ ತೊಳೆದ ಕಪ್ಪೆಚಿಪ್ಪು ಹಾಕಿಡಿ. ಬರೀ ಮಳೆ ನೀರಲ್ಲೇ ಟ್ಯಾಂಕ್ ತುಂಬ್ಸಬೇಡಿ, ಅದ್ರಲ್ಲಿ ಖನಿಜ ಇಲ್ದೇ ಇರೋದ್ರಿಂದ ಪಿಎಚ್ ದಿಢೀರ್ ಕುಸಿಯತ್ತೆ, ಅಂದ್ರೆ ನೀರು ಹುಳಿಯಾಗತ್ತೆ. ನಲ್ಲಿ ನೀರಾದ್ರೆ ಕ್ಲೋರಿನ್ ತೆಗೆಯೋ ಡ್ರಾಪ್ಸ್ ಹಾಕಿ. ಮತ್ತೆ ತೋಟದ ಮನೆಯವ್ರು ಇದನ್ನ ಗಮನಿಸಿ: ಮಳೆ ಹಿಡಿಯೋ ಮುಂಚೆ ಕಾಳುಮೆಣಸಿಗೆ, ಅಡಿಕೆಗೆ ಬೋರ್ಡೋ ಹೊಡೀತೀವಲ್ಲ, ಅದ್ರಲ್ಲಿರೋ ಮೈಲುತುತ್ತ ತಾಮ್ರದ ಉಪ್ಪು, ಮೀನಿಗೆ ವಿಷ, ಸೀಗಡಿಗಂತೂ ಒಂಚೂರು ಸಾಕು. ಸ್ಪ್ರೇಗೆ ಬಳಸಿದ ಡ್ರಮ್ಮು, ಬಕೆಟ್ಟು ಟ್ಯಾಂಕ್ ಹತ್ರ ತರಬೇಡಿ, ಸ್ಪ್ರೇ ಮಾಡಿ ಬಂದ ಕೈ ಸೋಪಲ್ಲಿ ತೊಳೆದ್ರೂ ಅವತ್ತು ಟ್ಯಾಂಕಿಗೆ ಹಾಕ್ಬೇಡಿ.

ಹೊಸ ಟ್ಯಾಂಕಲ್ಲಿ ಮೀನಿನ ಗಲೀಜಿಂದ ಬರೋ ವಿಷದ ಅಮೋನಿಯಾವನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕೈದು ವಾರ ಬೇಕು, ಚಳಿಯಲ್ಲಿ ಇನ್ನೂ ನಿಧಾನ. ಯಾರಾದ್ರೂ ಸ್ನೇಹಿತರ ಹಳೇ ಫಿಲ್ಟರಿನ ಸ್ಪಂಜ್ ಒಂದು ತುಂಡು ಕೇಳಿ ತಂದು ಹಾಕಿದ್ರೆ ಬೇಗ ಆಗತ್ತೆ. ಮೈಸೂರು, ಬೆಂಗಳೂರಿಂದ ಮೀನು ತರೋರು ಥರ್ಮಾಕೋಲ್ ಡಬ್ಬಿಯಲ್ಲಿ ತನ್ನಿ, ಅಲ್ಲಿಯ ಬೋರ್ ನೀರು ಗಡಸು, ನಮ್ದು ಮೆದು, ಹಾಗಾಗಿ ಕವರ್ ತೇಲಿಸಿ ಹದಿನೈದು ನಿಮಿಷಕ್ಕೆ ಸುರಿದುಬಿಡದೆ ಒಂದು ಗಂಟೆ ತಗೊಂಡು ಸ್ವಲ್ಪ ಸ್ವಲ್ಪ ಟ್ಯಾಂಕ್ ನೀರು ಸೇರಿಸ್ತಾ ಬನ್ನಿ.

ಊಟಕ್ಕೆ ಬರೋಣ, ಮೀನು ಸಾಯೋದು ಹಸಿವಿಂದ ಅಲ್ಲ ಮಾರಾಯ್ರೆ, ನಮ್ಮ ಅತಿಥಿ ಸತ್ಕಾರದಿಂದ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಸೋವಷ್ಟು, ವಾರಕ್ಕೊಂದು ದಿನ ಉಪವಾಸ. ನಿಯಾನ್ ಬಾಯಿ ಸಣ್ಣದು, ಪೆಲೆಟ್ ಕಾಳು ದೊಡ್ಡದಿದ್ರೆ ಬಾಯಿಗೆ ಹಾಕಿ ಉಗುಳಿ ಮತ್ತೆ ಹಾಕಿ ಕೊನೆಗೆ ಬಿಟ್ಬಿಡತ್ತೆ, ಎರಡು ಬೆರಳ ಮಧ್ಯೆ ಪುಡಿ ಮಾಡಿ ಹಾಕಿ. ಡ್ಯಾನಿಯೊ ಮೇಲೇ ಎಲ್ಲ ಕಬಳಿಸೋದ್ರಿಂದ ಕೋರಿಗಳಿಗೆ ಏನೂ ತಲುಪಲ್ಲ, ಅದಕ್ಕೆ ಮುಳುಗೋ ಪೆಲೆಟ್ ಲೈಟ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿ, ಕೋರಿ ಮೀಸೆಯಿಂದ ಮರಳು ತಡಕಾಡಿ ಹುಡುಕ್ಕೊಳ್ಳತ್ತೆ. ಉಳಿದದ್ದು ತಿಂದು ಬದುಕ್ತಾವೆ ಅನ್ನೋದು ಸುಳ್ಳು. ವಾರಕ್ಕೊಮ್ಮೆ ಫ್ರೋಜನ್ ಬ್ಲಡ್‌ವರ್ಮ್, ಇಲ್ಲಾಂದ್ರೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ಅಕ್ಕಿ ರೊಟ್ಟಿ ಚೂರು, ಅನ್ನ, ಬ್ರೆಡ್ ಯಾವುದೂ ಬೇಡ, ಹಬ್ಬಕ್ಕೆ ನೆಂಟರ ಮಕ್ಕಳು ಬಂದಾಗ ಫುಡ್ ಡಬ್ಬಿ ಅಟ್ಟದ ಮೇಲಿಡಿ. ನೀರು 20ಕ್ಕೆ ಇಳಿದಾಗ ಜೀರ್ಣ ನಿಧಾನ, ದಿನಕ್ಕೊಂದೇ ಸಲ ಸಾಕು. ನಮ್ಮ ಮಳೆಗಾಲದ ತೇವಕ್ಕೆ ಫುಡ್ಡಿಗೂ ಬೂಷ್ಟು ಹಿಡಿಯತ್ತೆ, ದೊಡ್ಡ ಪ್ಯಾಕ್ ಅಗ್ಗ ಅಂತ ತರದೆ ಸಣ್ಣದೇ ತಂದು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಮುಗ್ಗಲು ವಾಸನೆ ಬಂದ್ರೆ ಬಿಸಾಕಿ.

ಕೊನೇದು ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಎರಡು ದಿನ ಬರ್ದೇ ಇರೋದು ನಿಮಗೂ ಗೊತ್ತು. ಪವರ್‌ಬ್ಯಾಂಕಿಗೆ ಹಾಕೋ ಯುಎಸ್‌ಬಿ ಏರ್ ಪಂಪ್ ಒಂದು ಮನೇಲಿರಲಿ, ಟ್ಯಾಂಕಿಗೆ ಮೂರೂ ಕಡೆ ಥರ್ಮಾಕೋಲ್ ಆನಿಸಿ ಮೇಲೊಂದು ಕಂಬಳಿ ಹೊದಿಸಿ, ಗಾಳಿಗೆ ಸ್ವಲ್ಪ ಸಂದು ಬಿಡಿ, ಊಟ ಪೂರ್ತಿ ನಿಲ್ಲಿಸಿ. ಆರೋಗ್ಯವಾಗಿರೋ ಮೀನು ಮೂರ್ನಾಲ್ಕು ದಿನ ತಿನ್ನದೆ ಇರತ್ತೆ. ಕರೆಂಟ್ ಬಂದ ಕೂಡ್ಲೇ ಫಿಲ್ಟರ್ ಆನ್ ಮಾಡ್ಬೇಡಿ, ನಿಂತ ಫಿಲ್ಟರಲ್ಲಿ ನೀರು ಕೊಳೆತಿರತ್ತೆ, ಸ್ಪಂಜನ್ನ ಬಕೆಟಲ್ಲಿ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ ಆಮೇಲೆ ಹಾಕಿ, ಊಟ ಮಾರನೇ ದಿನ ಅರ್ಧ ಪಾಲು ಕೊಡಿ.